ಕೂಕಟ್‌ಪಲ್ಲಿಯ ಉಪ್ಪುನೀರಿಗೆ ಕಡಲು ಕಾರಣವೇ?

ಕರಾವಳಿ ನಗರಗಳ ಅಂತರ್ಜಲಕ್ಕೆ ಸಮುದ್ರದ ನೀರು ನುಗ್ಗುತ್ತಿರುವ ಸುದ್ದಿಯನ್ನು ಓದಿದವರಿಗೆ, ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಬೋರ್‌ವೆಲ್ ನೀರು ಉಪ್ಪುಪ್ಪಾಗಿ ಬರುವುದಕ್ಕೂ ಅದೇ ಕಾರಣವಿರಬೇಕೆಂದು ತೋರುವುದು ಸಹಜ. ಆದರೆ ಈ ಬಡಾವಣೆ ಬಂಗಾಳ ಕೊಲ್ಲಿಯಿಂದ 250 ಕಿ.ಮೀ.ಗೂ ಹೆಚ್ಚು ದೂರದಲ್ಲಿ, ಸಮುದ್ರಮಟ್ಟದಿಂದ 500 ಮೀಟರಿಗೂ ಎತ್ತರದಲ್ಲಿರುವುದರಿಂದ, ಸಾವಿರ ಅಡಿ ಕೊರೆದರೂ ಬಾವಿಯ ತಳ ಸಮುದ್ರಮಟ್ಟಕ್ಕಿಂತ ಮೇಲೆಯೇ ಉಳಿಯುತ್ತದೆ.

ಕರಾವಳಿಯಲ್ಲಿಯೂ ಕಡಲು ತಾನಾಗಿ ಒಳನುಗ್ಗುವುದಿಲ್ಲ. ಅದಕ್ಕೆ ದಾರಿ ಬಿಡುವುದು ಬಹುಮಟ್ಟಿಗೆ ಪಂಪು. ನೆಲದಡಿಯಲ್ಲಿ ಹಗುರವಾದ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ತೇಲುತ್ತಿದ್ದು, ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲಿರುವ ಸಿಹಿನೀರು ಸುಮಾರು 40 ಮೀಟರ್ ಆಳದವರೆಗೆ ಉಪ್ಪುನೀರನ್ನು ತಡೆದಿಡುತ್ತದೆ ಎಂಬುದು ಗೈಬೆನ್–ಹರ್ಟ್ಸ್‌ಬರ್ಗ್ ಸೂತ್ರದ ಸಾರ. ನೀರೆತ್ತಿ ಆ ಒಂದು ಮೀಟರನ್ನು ಕಳೆದುಕೊಂಡರೆ ಉಪ್ಪಿನ ಗಡಿ ಕ್ರಮೇಣ ಆ 40 ಮೀಟರಿನಷ್ಟು ಮೇಲೇರುತ್ತದೆ. ನೂರಕ್ಕೆ ಎರಡು ಪಾಲು ಕಡಲನೀರು ಬೆರೆತರೂ ಕ್ಲೋರೈಡ್ ಲೀಟರಿಗೆ 250 ಮಿ.ಗ್ರಾಂ.ನ ಅಪೇಕ್ಷಿತ ಮಿತಿಯನ್ನು ದಾಟುತ್ತದೆ. ಚೆನ್ನೈಯ ಉತ್ತರಕ್ಕಿರುವ ಮೀಂಜೂರಿನ ಬಾವಿಗಳು ಕೆಟ್ಟದ್ದು ಮಿತಿಮೀರಿ ನೀರೆತ್ತಿದ್ದರಿಂದ. ಕರ್ನಾಟಕದ ಕರಾವಳಿಯಲ್ಲಿ ಮಳೆಗಾಲ ಮುಗಿದೊಡನೆ ಹಲಗೆ ಹಾಕುವ ಕಿಂಡಿ ಅಣೆಕಟ್ಟುಗಳು ಭರತದ ಉಪ್ಪುನೀರನ್ನು ತಡೆಯುವುದಲ್ಲದೆ, ಹೊಳೆಯ ಸಿಹಿನೀರನ್ನು ನಿಲ್ಲಿಸಿ ಅಕ್ಕಪಕ್ಕದ ಬಾವಿಗಳ ಮಟ್ಟವನ್ನೂ ಕಾಯುತ್ತವೆ.

ಕೂಕಟ್‌ಪಲ್ಲಿಯ ಕಥೆ ಕಲ್ಲಿನದು, ಚರಂಡಿಯದು. ಸುಮಾರು 250 ಕೋಟಿ ವರ್ಷ ಹಳೆಯದಾದ ಇಲ್ಲಿನ ಗ್ರಾನೈಟಿನಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ. ನೀರು ಕಲ್ಲಿನೊಡನೆ ಹೆಚ್ಚು ಕಾಲ ಕಳೆದಷ್ಟೂ ಅದರಲ್ಲಿ ಖನಿಜಗಳು, ಕೆಲವೆಡೆ ಫ್ಲೋರೈಡ್ ಕೂಡ, ಹೆಚ್ಚು ಕರಗುತ್ತವೆ; ಆಳದ ನೀರು ಸಾಮಾನ್ಯವಾಗಿ ಹೀಗೆ ಹೆಚ್ಚು ಕಾಲ ನಿಂತದ್ದಾದ್ದರಿಂದ, ಇನ್ನೂ ಆಳಕ್ಕೆ ಹೋದರೆ ಸಿಹಿನೀರು ಸಿಕ್ಕೀತೆಂಬ ಆಸೆ ಅನೇಕ ವೇಳೆ ತಿರುಗುಮುರುಗಾಗುತ್ತದೆ. ಇದಕ್ಕೆ ಸೋರುವ ಒಳಚರಂಡಿಯ ಕ್ಲೋರೈಡ್ ಮತ್ತು ನೈಟ್ರೇಟ್ ಸೇರುತ್ತವೆ. ಹುಸೇನ್ ಸಾಗರದತ್ತ ಹರಿಯುವ ಕೂಕಟ್‌ಪಲ್ಲಿ ನಾಲೆಯಂತೂ ಮನೆಗಳ ಕೊಳಚೆಯ ಜೊತೆಗೆ ಕಾರ್ಖಾನೆಗಳ ತ್ಯಾಜ್ಯವನ್ನೂ ದಶಕಗಳ ಕಾಲ ಹೊತ್ತಿದೆ.

ನಲ್ಲಿಯ ಬಾಯಲ್ಲಿ, ಗೀಸರಿನ ಒಳಗೆ ಕಟ್ಟುವ ಬಿಳಿ ಪದರ ಉಪ್ಪೆಂಬ ಮಾತೂ ತಪ್ಪು. ಉಪ್ಪಾಗಿದ್ದರೆ ನೀರು ತಾಗಿದೊಡನೆ ಕರಗಿಹೋಗುತ್ತಿತ್ತು. ನಿಂಬೆರಸ ಬಿದ್ದಾಗ ಸಣ್ಣಗೆ ನೊರೆಯೇಳುವ ಆ ಪದರ ಬಹುಪಾಲು ಸುಣ್ಣದ ಕಾರ್ಬೋನೇಟು, ಅಂದರೆ ಗಡಸುನೀರಿನ ಗುರುತು. ವಿಪರ್ಯಾಸವೆಂದರೆ, ಗಡಸುತನ ಕಳೆಯಲು ಅಪಾರ್ಟ್‌ಮೆಂಟುಗಳು ಕೂಡಿಸುವ ಸಾಫ್ಟ್‌ನರ್ ಯಂತ್ರವನ್ನು ಮತ್ತೆ ಮತ್ತೆ ಅಡುಗೆಯುಪ್ಪಿನ ದ್ರಾವಣದಿಂದ ತೊಳೆಯಬೇಕಾಗುತ್ತದೆ. ಆ ನೀರನ್ನು ಇಂಗುಗುಂಡಿಗೆ ಬಿಟ್ಟರೆ, ಇಲ್ಲದ ಕಡಲನ್ನು ನಿವಾಸಿಗಳೇ ಮೂಟೆಯಲ್ಲಿ ತಂದು ಸುರಿದಂತಾಗುತ್ತದೆ.

ಮಳೆನೀರನ್ನು ಇಂಗಿಸುವುದು ಎರಡೂ ಕಡೆ ಉಪಯುಕ್ತವಾದರೂ ಉದ್ದೇಶ ಒಂದೇ ಅಲ್ಲ: ಕರಾವಳಿಯಲ್ಲಿ ಅದು ಸಿಹಿನೀರಿನ ಒತ್ತಡ ಕಾಯುತ್ತದೆ, ಇಲ್ಲಿ ಲವಣವನ್ನು ತೆಳುವಾಗಿಸುತ್ತದೆ. ಬಿರುಕುಗಲ್ಲು ಸೋಸುವುದು ಕಡಿಮೆಯಾದ್ದರಿಂದ ರಸ್ತೆಯ ನೀರನ್ನು ನೇರವಾಗಿ ಕೊಳವೆಬಾವಿಗೆ ಇಳಿಸದೆ, ಮೊದಲ ಮಳೆಯನ್ನು ಹೊರಹಾಕಿ, ಚಾವಣಿಯ ನೀರನ್ನು ಮಾತ್ರ ಸೋಸಿ ಬಿಡಬೇಕು. ಕುಡಿಯಲು ಬಳಸುವುದಾದರೆ ರುಚಿಯನ್ನು ನಂಬದೆ ನೈಟ್ರೇಟ್ ಮತ್ತು ಫ್ಲೋರೈಡ್ ಪರೀಕ್ಷೆ ಮಾಡಿಸುವುದು ಅಗತ್ಯ, ಏಕೆಂದರೆ ಕುದಿಸಿದಾಗ ಇವೆರಡೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಸಾಂದ್ರವಾಗುತ್ತವೆ.