ಆಸ್ಪತ್ರೆಯಲ್ಲಿ ಹೆಸರು ಕೇಳಿದಾಗ

ನಮ್ಮ ಹೋಟೆಲಿನ ದೋಸೆ ಭಟ್ಟರು ಒಂದು ರಾತ್ರಿ ರಕ್ತ ವಾಂತಿ ಮಾಡಿಕೊಂಡರು. ಹೊಟ್ಟೆಯ ಹುಣ್ಣು ಒಡೆದಿತ್ತು. ನಾನು ಗಲ್ಲೆಯನ್ನು ಮುಚ್ಚಿ, ಟ್ಯಾಕ್ಸಿಯಲ್ಲಿ ಅವರನ್ನು ಕೂರಿಸಿಕೊಂಡು, ಮುಂಬಯಿಯ ಒಂದು ದೊಡ್ಡ ಆಸ್ಪತ್ರೆಗೆ ಧಾವಿಸಿದೆನು. ನೋಂದಣಿಯ ಕಿಟಕಿಯಲ್ಲಿ ಗುಮಾಸ್ತನು ರೋಗಿಯ ಹೆಸರು ಕೇಳಿದಾಗ, ದಿನವೂ ಬಾಯಿಗೆ ಬರುತ್ತಿದ್ದಂತೆ “ಸುರೇಶ” ಎಂದೆನು. ಬೆಂಚಿನ ಮೇಲೆ ಒರಗಿದ್ದ ಭಟ್ಟರಿಗೆ ಅದು ಕೇಳಿಸುವ ಸ್ಥಿತಿಯಿರಲಿಲ್ಲ.

ಅವರ ಹೆಸರು ಸುರೇಶ ಆಗಿರಲಿಲ್ಲ. ಶ್ರೀಧರ ಎಂದಿತ್ತು. ಅವರು ಕೆಲಸಕ್ಕೆ ಸೇರಿದ ಕಾಲಕ್ಕೆ ನಮ್ಮಲ್ಲಿ ಆಗಲೇ ಇಬ್ಬರು ಶ್ರೀಧರರಿದ್ದುದರಿಂದ, ಗಲಿಬಿಲಿಯಾಗಬಾರದೆಂದು ನಾನೇ ಅವರಿಗೆ ಆ ಹೆಸರಿಟ್ಟಿದ್ದೆನು. ಹೋಟೆಲಿನಲ್ಲಿ ದುಡಿದ ವಾಚಕರಿಗೆ ಇದು ಹೊಸ ಸಂಗತಿಯಲ್ಲ. ಊರಿನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಧಣಿಯ ಬಾಯಿಯಲ್ಲಿ ಮತ್ತೊಂದು!

ವಾರ್ಡಿಗೆ ಸೇರಿಸಿ ಸ್ವಲ್ಪ ಹೊತ್ತಾದ ಮೇಲೆ ದಾದಿಯೊಬ್ಬರು ರಕ್ತ ತೆಗೆಯುವ ಸೂಜಿ, ಕೊಳವೆಗಳೊಂದಿಗೆ ಬಂದು ಭಟ್ಟರನ್ನು ಹೆಸರು ಕೇಳಿದರು. ಅಷ್ಟರಲ್ಲಿ ಕೊಂಚ ಚೇತರಿಸಿಕೊಂಡಿದ್ದ ಭಟ್ಟರು, “ಶ್ರೀಧರ” ಎಂದರು. ದಾದಿಯು ಕೈಗೆ ಕಟ್ಟಿದ್ದ ಪಟ್ಟಿಯನ್ನು ನೋಡಿದರು, ಕಾಗದವನ್ನು ನೋಡಿದರು, ಸೂಜಿಯನ್ನು ತಟ್ಟೆಯಲ್ಲಿ ಇಟ್ಟುಬಿಟ್ಟರು. ನಾನು ಎಷ್ಟು ಕೂಗಾಡಿದರೂ, ಎರಡು ಹೆಸರೂ ಇವರದೇ ಎಂದು ಆಣೆಯಿಟ್ಟರೂ ಅವರು ಕದಲಲಿಲ್ಲ. ಮತ್ತೆ ಕಿಟಕಿಗೆ ಹೋಗಿ, ಕೋಣೆಯಿಂದ ಹುಡುಗನೊಬ್ಬನ ಕೈಯಲ್ಲಿ ಆಧಾರ್ ಚೀಟಿಯನ್ನು ತರಿಸಿ, ಕಾಗದಗಳನ್ನು ತಿದ್ದಿಸಿ, ಹೊಸ ಪಟ್ಟಿ ಕಟ್ಟಿಸುವಷ್ಟರಲ್ಲಿ ಒಂದೂವರೆ ಗಂಟೆ ಕಳೆಯಿತು. ಭಟ್ಟರ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ನಾನು ರೇಗಿದಾಗ ಅವರು ಕ್ಷೀಣಸ್ವರದಲ್ಲಿ, “ಧಣಿಗಳೇ, ಅವರು ನನ್ನ ಹೆಸರು ಕೇಳಿದರು, ಇದ್ದದ್ದನ್ನು ಹೇಳಿದೆ” ಎಂದರು.

ಆ ದಿನ ಆ ದಾದಿಯ ಮೇಲೆ ನನಗೆ ಬಂದ ಕೋಪ ಬಹಳ ಕಾಲ ಉಳಿಯಲಿಲ್ಲ. ಅವರು ಏಕೆ ಹಾಗೆ ನಡೆದರೆಂಬುದನ್ನು ತಿಳಿಯುತ್ತ ಹೋದಂತೆ, ತಪ್ಪು ನನ್ನ ನಾಲಗೆಯದೆಂಬುದು ಸ್ಪಷ್ಟವಾಯಿತು.

ಒಬ್ಬರ ರಕ್ತವು ಇನ್ನೊಬ್ಬರಿಗೆ ಒಗ್ಗುವುದೂ ಒಗ್ಗದಿರುವುದೂ ಏಕೆಂಬ ರಹಸ್ಯವನ್ನು ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ವಿಜ್ಞಾನಿಯು 1901ರಲ್ಲಿ ಬಿಡಿಸಿದನು. ಅದಕ್ಕಾಗಿ 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ರಕ್ತದ ಕೆಂಪು ಕಣಗಳ ಮೇಲೆ ‘ಎ’ ಎಂಬ ಗುರುತು ಇರಬಹುದು, ‘ಬಿ’ ಇರಬಹುದು, ಎರಡೂ ಇದ್ದರೆ ‘ಎಬಿ’, ಎರಡೂ ಇಲ್ಲದಿದ್ದರೆ ‘ಓ’. ತನ್ನಲ್ಲಿಲ್ಲದ ಗುರುತನ್ನು ಕಂಡರೆ ಆಗದ ವಿರೋಧಿ ವಸ್ತುವು ಪ್ರತಿಯೊಬ್ಬನ ರಕ್ತದ ದ್ರವಭಾಗದಲ್ಲಿ ಹುಟ್ಟಿನ ಕೆಲವು ತಿಂಗಳುಗಳಿಂದಲೇ ಸಿದ್ಧವಾಗಿರುತ್ತದೆ. ‘ಓ’ ಗುಂಪಿನವನಿಗೆ ‘ಎ’ ಗುಂಪಿನ ರಕ್ತವನ್ನು ಕೊಟ್ಟರೆ, ಬಂದ ಕಣಗಳೆಲ್ಲ ನಾಳದೊಳಗೇ ಒಡೆಯುತ್ತವೆ. ಚಳಿ, ಜ್ವರ, ಸೊಂಟನೋವು ಬರುತ್ತವೆ. ಮೂತ್ರ ಕೆಂಪಾಗುತ್ತದೆ, ಮೂತ್ರಪಿಂಡಗಳು ಕೆಲಸ ನಿಲ್ಲಿಸಬಹುದು, ಪ್ರಾಣವೇ ಹೋಗಬಹುದು. ಇದಲ್ಲದೆ ಆರ್‌ಎಚ್ ಎಂಬ ಇನ್ನೊಂದು ಗುರುತೂ ಉಂಟು. ಅದಿಲ್ಲದವರು, ಎಂದರೆ ‘ನೆಗೆಟಿವ್’ ಎನಿಸಿಕೊಳ್ಳುವವರು, ನಮ್ಮ ದೇಶದಲ್ಲಿ ನೂರಕ್ಕೆ ಐವರ ಆಸುಪಾಸು ಇದ್ದಾರೆ.

ಇಂಥ ಅನಾಹುತಗಳು ಪ್ರಯೋಗಶಾಲೆಯ ಪರೀಕ್ಷೆ ತಪ್ಪಿದುದರಿಂದ ಆಗುವುದಕ್ಕಿಂತ ಹೆಚ್ಚಾಗಿ ಮನುಷ್ಯರು ಅದಲುಬದಲಾದುದರಿಂದ ಆಗುತ್ತವೆಂಬುದು ಎಲ್ಲ ದೇಶಗಳ ಅನುಭವ. ಒಬ್ಬನ ರಕ್ತ ಇನ್ನೊಬ್ಬನ ಹೆಸರಿನ ಕೊಳವೆಗೆ ಬೀಳುತ್ತದೆ. ಅಥವಾ ಸರಿಯಾದ ಚೀಲವು ತಪ್ಪು ಹಾಸಿಗೆಗೆ ಹೋಗುತ್ತದೆ. ಆದುದರಿಂದಲೇ ಒಳ್ಳೆಯ ಆಸ್ಪತ್ರೆಗಳಲ್ಲಿ ದಾದಿಯು “ನೀವು ಸುರೇಶರೇ?” ಎಂದು ಕೇಳುವುದಿಲ್ಲ, “ನಿಮ್ಮ ಹೆಸರೇನು?” ಎಂದು ಕೇಳುತ್ತಾಳೆ. ನೋವಿನಲ್ಲಿಯೂ ನಿದ್ದೆಯಲ್ಲಿಯೂ ಇರುವ ರೋಗಿ ಯಾವ ಹೆಸರಿಗಾದರೂ “ಹಾಂ” ಎಂದುಬಿಡುತ್ತಾನೆ. ಮರಾಠಿ, ಹಿಂದಿ ಸರಿಯಾಗಿ ತಿಳಿಯದ ನಮ್ಮ ಹುಡುಗರಂತೂ ಗೌರವಕ್ಕಾಗಿಯೇ ತಲೆಯಾಡಿಸುತ್ತಾರೆ. ಹೆಸರೊಂದೇ ಸಾಲದು, ಜನ್ಮದಿನಾಂಕವೋ ಆಸ್ಪತ್ರೆಯ ನೋಂದಣಿ ಸಂಖ್ಯೆಯೋ ಜೊತೆಗೆ ತಾಳೆಯಾಗಬೇಕು. ಕನಿಷ್ಠ ಎರಡು ಗುರುತುಗಳಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿಯೇ ಸಲಹೆ ಮಾಡಿದೆ. ಹಾಸಿಗೆಯ ಸಂಖ್ಯೆಗೆ ಇಲ್ಲಿ ಬೆಲೆಯಿಲ್ಲ. ನಮ್ಮ ಹೋಟೆಲಿನಲ್ಲಿ ಗಿರಾಕಿ ಮೇಜು ಬದಲಾಯಿಸಿದರೆ ಒಬ್ಬನ ಮಸಾಲೆ ದೋಸೆ ಇನ್ನೊಬ್ಬನ ಬಿಲ್ಲಿಗೆ ಬರುವುದಿಲ್ಲವೇ?

ರಕ್ತ ತೆಗೆದ ಕೊಳವೆಗೆ ಚೀಟಿಯನ್ನು ರೋಗಿಯ ಪಕ್ಕದಲ್ಲಿಯೇ, ತೆಗೆದ ಕೂಡಲೇ ಅಂಟಿಸಬೇಕು. ಮೊದಲೇ ಹೆಸರು ಬರೆದಿಟ್ಟ ಖಾಲಿ ಕೊಳವೆಗಳು ಅಪಾಯಕ್ಕೆ ದಾರಿ. ಚೀಟಿಯಲ್ಲಿಯೂ ಬೇಡಿಕೆಯ ಕಾಗದದಲ್ಲಿಯೂ ವಿವರಗಳು ಹೊಂದದಿದ್ದರೆ ರಕ್ತನಿಧಿಯವರು ಆ ಮಾದರಿಯನ್ನು ತಿರಸ್ಕರಿಸಿ, ಮತ್ತೊಮ್ಮೆ ತೆಗೆಯಲು ಹೇಳುತ್ತಾರೆ.

ರಕ್ತನಿಧಿಯೊಳಗೆ ಪರೀಕ್ಷೆಯು ಎರಡು ದಿಕ್ಕಿನಿಂದ ನಡೆಯುತ್ತದೆ. ಮೊದಲು ರೋಗಿಯ ಕಣಗಳಿಗೆ ನೀಲಿ ಬಣ್ಣದ ‘ಎ’ ವಿರೋಧಿ ದ್ರವವನ್ನೂ ಹಳದಿ ಬಣ್ಣದ ‘ಬಿ’ ವಿರೋಧಿ ದ್ರವವನ್ನೂ ಬೇರೆಬೇರೆಯಾಗಿ ಬೆರೆಸುತ್ತಾರೆ. ಗುರುತಿದ್ದರೆ ರಕ್ತವು ಹುಳಿ ಬಿದ್ದ ಹಾಲಿನಂತೆ ಗಂಟುಗಟ್ಟುತ್ತದೆ. ಆಮೇಲೆ ರೋಗಿಯ ರಕ್ತದ ದ್ರವಭಾಗವನ್ನು, ಗುಂಪು ಗೊತ್ತಿರುವ ಕಣಗಳೊಂದಿಗೆ ಬೆರೆಸಿ ನೋಡುತ್ತಾರೆ. ಎರಡು ಫಲಗಳೂ ಒಂದೇ ಉತ್ತರವನ್ನು ಕೊಡಬೇಕು.

ಈ ಎರಡನೆಯ ಪರೀಕ್ಷೆಯ ಮಹತ್ವಕ್ಕೆ ನಮ್ಮ ಮುಂಬಯಿಯೇ ಸಾಕ್ಷಿ. ಇಲ್ಲಿ ಡಾಕ್ಟರ್ ವೈ. ಎಂ. ಭೇಂಡೆ ಮತ್ತು ಅವರ ಸಹೋದ್ಯೋಗಿಗಳು ಒಂದು ವಿಚಿತ್ರವಾದ ರಕ್ತವನ್ನು ಗುರುತಿಸಿ, 1952ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಮೊದಲ ಪರೀಕ್ಷೆಗೆ ಅದು ‘ಓ’ ಗುಂಪಿನಂತೆಯೇ ಕಾಣುತ್ತದೆ. ಆದರೆ ‘ಎ’, ‘ಬಿ’ ಗುರುತುಗಳು ಯಾವುದರ ಮೇಲೆ ನಿಲ್ಲಬೇಕೋ ಆ ‘ಎಚ್’ ಎಂಬ ತಳಹದಿಯೇ ಅದರಲ್ಲಿಲ್ಲ. ಆದುದರಿಂದ ‘ಓ’ ರಕ್ತವೂ ಅವರಿಗೆ ವಿಷವೇ. ಅಂಥವರಿಗೆ ಅಂಥವರದೇ ರಕ್ತ ಬೇಕು. ‘ಬಾಂಬೆ ಗುಂಪು’ ಎಂದು ಪ್ರಪಂಚದ ವೈದ್ಯಗ್ರಂಥಗಳಲ್ಲೆಲ್ಲ ಸೇರಿದ ಈ ರಕ್ತವುಳ್ಳವರು ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರೆಂದು ಅಂದಾಜು. ರೋಗಿಯ ದ್ರವಭಾಗವನ್ನು ‘ಓ’ ಕಣಗಳೊಂದಿಗೆ ಬೆರೆಸಿದಾಗ ಅದು ಗಂಟುಗಟ್ಟಿ ಗುಟ್ಟು ಹೊರಬೀಳುತ್ತದೆ. ತಮ್ಮದು ‘ಓ’ ಎಂದು ಲೈಸೆನ್ಸಿನ ಚೀಟಿಯನ್ನು ತೋರಿಸಿ, ಮತ್ತೆ ಪರೀಕ್ಷೆಯೇಕೆಂದು ಜಗಳಾಡುವವರು ಇದನ್ನು ಗಮನಿಸಬೇಕು. ಯಾವ ಆಸ್ಪತ್ರೆಯೂ ಜೇಬಿನ ಚೀಟಿಯನ್ನು ನಂಬಿ ರಕ್ತ ಕೊಡತಕ್ಕದ್ದಲ್ಲ.

ಕೊನೆಯದಾಗಿ, ಕೊಡಬೇಕಾದ ಚೀಲದ ರಕ್ತವನ್ನೇ ರೋಗಿಯ ರಕ್ತದೊಂದಿಗೆ ಬೆರೆಸಿ ಒಗ್ಗುವುದನ್ನು ಖಚಿತಪಡಿಸಿಕೊಳ್ಳುತ್ತಾರೆ. ನಮ್ಮ ದೇಶದಲ್ಲಿ ಚೀಲದ ಚೀಟಿಗೂ ಬಣ್ಣದ ನಿಯಮವುಂಟು: ‘ಓ’ಗೆ ನೀಲಿ, ‘ಎ’ಗೆ ಹಳದಿ, ‘ಬಿ’ಗೆ ಗುಲಾಬಿ, ‘ಎಬಿ’ಗೆ ಬಿಳಿ. ಚೀಲವು ವಾರ್ಡಿಗೆ ಬಂದಾಗ ಇಬ್ಬರು ಸಿಬ್ಬಂದಿ ಹಾಸಿಗೆಯ ಬಳಿ ನಿಂತು ಚೀಲದ ಸಂಖ್ಯೆ, ಗುಂಪು, ಅವಧಿಯ ದಿನಾಂಕ, ಕೈಪಟ್ಟಿ ಎಲ್ಲವನ್ನೂ ಗಟ್ಟಿಯಾಗಿ ಓದಿ ತಾಳೆ ನೋಡಬೇಕು. ಮೊದಲ ಹದಿನೈದು ನಿಮಿಷ ನಿಧಾನವಾಗಿ ಹರಿಸಿ ರೋಗಿಯ ಮೇಲೆ ಕಣ್ಣಿಡಬೇಕು. ಆಗ ಚಳಿಯಾದರೆ, ಸೊಂಟ ನೊಂದರೆ, ಎದೆ ಬಿಗಿದರೆ ನಾಚಿಕೆಪಡದೆ ಕೂಗಿ ಹೇಳಬೇಕು. ರಾತ್ರಿ ಪಕ್ಕದಲ್ಲಿ ಕುಳಿತ ಸಂಗಾತಿಯೂ ಇದನ್ನು ತಿಳಿದಿರತಕ್ಕದ್ದು.

ಈಗ ಹೇಳಲೇಬೇಕಾದ, ಕೆಲವರಿಗೆ ರುಚಿಸದ ಒಂದು ಮಾತು. ರಾಜ್ಯ ವಿಮೆಯ ಚೀಟಿಯಿಲ್ಲದ ಹುಡುಗನಿಗೆ ಚೀಟಿಯಿದ್ದವನು ತನ್ನ ಚೀಟಿಯನ್ನು ಕೊಟ್ಟು, ತನ್ನ ಹೆಸರಿನಲ್ಲಿ ಚಿಕಿತ್ಸೆ ಕೊಡಿಸುವುದು ನಮ್ಮ ಕೋಣೆಗಳಲ್ಲಿ ನಡೆಯುತ್ತದೆ. ಕೊಡುವವನ ಮನಸ್ಸು ಒಳ್ಳೆಯದೇ. ಆದರೆ ಆ ದಿನ ಪರೀಕ್ಷಿಸಿದ ರಕ್ತದ ಗುಂಪು ಚೀಟಿಯ ಯಜಮಾನನ ಹೆಸರಿನಲ್ಲಿ ದಾಖಲಾಗುತ್ತದೆ. ಒಂದು ಗುಂಪಿಗೆ ಬದಲಾಗಿ ಇನ್ನೊಂದು, ಒಂದು ರೋಗಕ್ಕೆ ಬದಲಾಗಿ ಇನ್ನೊಂದು ಆ ಕಡತದಲ್ಲಿ ಕುಳಿತಿರುತ್ತದೆ. ಮುಂದೆ ಅವನೇ ಅಪಘಾತಕ್ಕೆ ಸಿಕ್ಕಿ ಬಂದಾಗ, ಹಳೆಯ ದಾಖಲೆಯೂ ಹೊಸ ಪರೀಕ್ಷೆಯೂ ಹೊಂದದೆ, ಎಲ್ಲವನ್ನೂ ಮತ್ತೆ ಮೊದಲಿನಿಂದ ಪರೀಕ್ಷಿಸುವವರೆಗೆ ರಕ್ತವು ತಡೆಯುತ್ತದೆ. ಆ ತಡವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಧಣಿಗಳು ಎಲ್ಲ ನೌಕರರನ್ನೂ ವಿಮೆಗೆ ಸೇರಿಸಿದ್ದರೆ ಈ ಪ್ರಸಂಗವೇ ಬರುತ್ತಿರಲಿಲ್ಲವೆಂಬುದನ್ನೂ, ನಾನು ಆ ಸಾಲಿನವನೇ ಆದುದರಿಂದ, ಬರೆಯದೆ ಬಿಡಲಾರೆ.

ಹೆಸರಿನ ಕ್ರಮವೂ ತೊಂದರೆ ಕೊಡುತ್ತದೆ. ನಮ್ಮಲ್ಲಿ ಹೆಸರಿನ ಮುಂದೆ ಒಂದೆರಡು ಅಕ್ಷರ ಬರೆದರೆ ಮುಗಿಯಿತು. ಇಲ್ಲಿಯ ಕಾಗದಗಳಲ್ಲಿ ಅಡ್ಡಹೆಸರು, ಸ್ವಂತ ಹೆಸರು, ತಂದೆಯ ಹೆಸರು ಎಂದು ಮೂರು ಮನೆಗಳು. ಒಂದು ಸಲ ಊರಿನ ಹೆಸರು ಅಡ್ಡಹೆಸರಾದರೆ, ಮುಂದಿನ ಸಲ ತಂದೆಯ ಹೆಸರು ಆಗುತ್ತದೆ. ಆಧಾರಿನಲ್ಲಿರುವಂತೆಯೇ ಪ್ರತಿ ಸಲವೂ ಬರೆಸುವುದು ಕ್ಷೇಮ. ಪ್ರಜ್ಞೆಯಿಲ್ಲದವನು ಬಂದರೆ ಆಸ್ಪತ್ರೆಯವರು ‘ಅಪರಿಚಿತ’ ಎಂದು ಒಂದು ಸಂಖ್ಯೆಯನ್ನು ಕೊಟ್ಟು ಅದರಿಂದಲೇ ಗುರುತಿಸುತ್ತಾರೆ. ಖಚಿತವಾಗಿ ಗೊತ್ತಿಲ್ಲದ ಸಂಗಾತಿಯು ಊಹಿಸಿ ಹೆಸರು ಹೇಳುವುದಕ್ಕಿಂತ ಆ ಸಂಖ್ಯೆಯೇ ಮೇಲು.

ಭಟ್ಟರಿಗೆ ಆ ರಾತ್ರಿ ಎರಡು ಚೀಲ ರಕ್ತ ಏರಿತು. ಹನ್ನೆರಡನೆಯ ದಿನ ಹೊರಗೆ ಬಂದು, ಕೆಲವು ತಿಂಗಳು ಊರಿನಲ್ಲಿ ಸುಧಾರಿಸಿಕೊಂಡು ಮತ್ತೆ ಕಾವಲಿಯ ಮುಂದೆ ನಿಂತರು. ಅವರು ಬರುವ ಮೊದಲೇ ನಾನು ಒಂದು ಪುಸ್ತಕವನ್ನು ತಂದು ಗಲ್ಲೆಯಲ್ಲಿಟ್ಟು, ಸಂಬಳದ ದಿನ ಒಬ್ಬೊಬ್ಬರನ್ನೇ ಕರೆದು ಪೂರ್ಣ ಹೆಸರು, ಜನ್ಮದಿನಾಂಕ, ಮನೆಯವರ ಫೋನ್ ಸಂಖ್ಯೆಗಳನ್ನು ಬರೆದುಕೊಂಡೆನು. ಲೋಟ ತೊಳೆಯುವ ಹುಡುಗನೊಬ್ಬನನ್ನು ಆರು ವರ್ಷಗಳಿಂದ ನಾನು ‘ಬಾಬು’ ಎಂದೇ ಕರೆಯುತ್ತಿದ್ದೆನು. ಅವನು ತನ್ನ ನಿಜವಾದ ಹೆಸರನ್ನು ಮೂರು ಸಲ ಹೇಳಿ, ನಾನು ಬರೆದುದರಲ್ಲಿ ಒಂದು ಒತ್ತಕ್ಷರವನ್ನು ತಾನೇ ನಿಂತು ತಿದ್ದಿಸಿದನು.