‘ಇನ್ನೂ ಬಿಡಿಸಿಲ್ಲವೇ?’

ಟಿಟ್ವಾಳಾ ಲೋಕಲ್‌ನ ಮಹಿಳಾ ಡಬ್ಬಿಯಲ್ಲಿ ಗುಟ್ಟು ಉಳಿಯುವುದಿಲ್ಲ. ಅಂಬಿವಲಿ, ಶಹಾಡ್ ದಾಟಿ ಕಲ್ಯಾಣ ಬರುವಷ್ಟರಲ್ಲಿ ಎಲ್ಲರ ಮನೆಯ ಕಥೆ ಎಲ್ಲರಿಗೂ ಗೊತ್ತು. ಎರಡು ವರ್ಷ ನಾಲ್ಕು ತಿಂಗಳ ನನ್ನ ಮಗಳು ಇನ್ನೂ ಎದೆಹಾಲು ಕುಡಿಯುತ್ತಾಳೆ ಎಂಬುದೂ ಹಾಗೆಯೇ ಬಯಲಾಯಿತು. ‘ಅಜೂನ್?’ ಎಂದರು ನಾಲ್ಕು ಜನ ಒಟ್ಟಿಗೆ. ಇನ್ನೂ?

ಹೆರಿಗೆಯಾದಾಗ ಇದೇ ಜನರ ಪ್ರಶ್ನೆ ‘ಹಾಲು ಸಾಲುತ್ತದಾ?’ ಎಂದಿತ್ತು. ವರ್ಷ ತುಂಬಿದ್ದೇ ಗಾಳಿ ತಿರುಗಿತು. ಅಂಗಾರಕಿ ಚತುರ್ಥಿಯಂದು ಇಲ್ಲಿಯ ಮಹಾಗಣಪತಿ ಗುಡಿಯ ಸಾಲಿನಲ್ಲಿ ಮಗಳು ನನ್ನ ಸೆರಗು ಎಳೆದಾಗ, ಗುರುತು ಪರಿಚಯವಿಲ್ಲದ ಅಜ್ಜಿಯೊಬ್ಬರು ಅವಳ ಹಲ್ಲು ಎಣಿಸಿದರು!

ನಾನು ಅಂಕಿ ಹಿಡಿದು ವಾದಿಸುತ್ತಿದ್ದೆ. ಮೊದಲ 6 ತಿಂಗಳು ಎದೆಹಾಲು ಮಾತ್ರ, ಬಳಿಕ ಊಟದ ಜೊತೆ 2 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಕುಡಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಾಯಿ ಮುಚ್ಚಿಸುವ ಆತುರದಲ್ಲಿ ನಾನು ‘ಎರಡು ವರ್ಷ’ ಎಂದಷ್ಟೇ ಹೇಳಿ, ಉಳಿದದ್ದನ್ನು ನುಂಗಿದೆ. ಮಗಳ ಎರಡನೇ ಹುಟ್ಟುಹಬ್ಬದ ರಾತ್ರಿ ಗದಗದಿಂದ ಬಂದಿದ್ದ ಅತ್ತೆ ನೆನಪಿಸಿದರು: ‘ಎರಡು ವರ್ಷ ತುಂಬಿದ್ವಲ್ಲ, ನೀನ ಹೇಳಿದ್ದಿ. ನಾಳಿಯಿಂದ ಬಿಡಸು.’ ಗಡುವು ಕೊಟ್ಟವಳು ನಾನೇ.

ಬಿಡಿಸಲು ನನಗೆ ಮನಸ್ಸಿರಲಿಲ್ಲ. 2017ರ ತಿದ್ದುಪಡಿಯ ಪ್ರಕಾರ 26 ವಾರ ರಜೆ ಸಿಕ್ಕಿತ್ತು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲುಣಿಸಲು ಬಿಡುವೂ ಕಾನೂನಿನಲ್ಲಿದೆ. ಆದರೆ ಮಗು ಟಿಟ್ವಾಳಾದಲ್ಲಿ, ನಾನು ಮುಂಬೈಯಲ್ಲಿ. ಆ ಬಿಡುವಿನಲ್ಲಿ ಹಾಲು ಹಿಂಡಿ ಬಾಟಲಿಗೆ ತುಂಬಬಹುದಿತ್ತು, ಅಷ್ಟೇ. 50 ಮಂದಿ ಇರುವ ಕಚೇರಿಗೆ ಶಿಶುಪಾಲನಾ ಕೇಂದ್ರ ಕಡ್ಡಾಯವಂತೆ. ಬೆಳಗಿನ ಲೋಕಲ್‌ನಲ್ಲಿ ಮಗು ಎತ್ತಿಕೊಂಡು ಹತ್ತುವವರು ಯಾರು? ಹನ್ನೆರಡು ಗಂಟೆ ಹೊರಗಿದ್ದು ಬಂದವಳ ಮಡಿಲಿಗೆ ಅವಳು ಓಡಿ ಬರುವ ಆ ಹತ್ತು ನಿಮಿಷ ಇಬ್ಬರಿಗೂ ಬೇಕಿತ್ತು.

ಒಂದು ಸಂಜೆ ಅಡುಗೆಮನೆಯಲ್ಲಿ ಬೇವಿನೆಲೆ ಅರೆದಿಟ್ಟಿದ್ದು ಕಂಡಿತು. ನನ್ನ ಎದೆಗೆ ಹಚ್ಚಲು. ಸಿಟ್ಟಿನಿಂದ ಗಂಟಲು ಕಟ್ಟಿತು. ‘ಅತ್ತಿ, ನಿಮಗ್ಯಾಕಿಷ್ಟು ಅವಸರ?’ ಎಂದೆ.

‘ರಾತ್ರಿ ಮೂರ ಸಲ ಏಳ್ತಿ, ಮುಂಜಾನೆ ಮತ್ತ ರೈಲು. ಕನ್ನಡಿ ನೋಡ್ಕೊಂಡೀ ಏನ?’

ಇಷ್ಟು ದಿನ ಹಾಲಿನ ಬಗ್ಗೆ ವಾದಿಸಿದ್ದೇ ದಂಡವಾಗಿತ್ತು. ಅವರ ಚಿಂತೆ ನನ್ನ ನಿದ್ದೆಯದು. ಮಲಗುವ ಮುನ್ನ ಕುಡಿಸಿ, ಮಗುವನ್ನು ಅವರ ಪಕ್ಕ ಮಲಗಿಸುವುದೆಂದು ಮಾತಾಯಿತು. ಮೊದಲ ನಾಲ್ಕು ರಾತ್ರಿ ಭಾರೀ ಅಳು. ಗೋಡೆಯಾಚೆ ನಾನೂ ಅತ್ತೆ. ಐದನೆಯ ರಾತ್ರಿ ನೀರು ಕುಡಿದು ಮಲಗಿದಳು. ಬೆಳಿಗ್ಗೆ, ಸಂಜೆಯ ಹಾಲು ಹಾಗೆಯೇ ಉಳಿಯಿತು.

ಮಕ್ಕಳ ವೈದ್ಯರು ಕೇಳಿದ್ದು ಒಂದೇ: ‘ಹೊಟ್ಟೆ ತುಂಬ ಊಟ ಮಾಡುತ್ತಾಳಾ?’ ಹೌದು ಎಂದೆ. ತೂಕ ನೋಡಿ ಕಳಿಸಿದರು. ಆ ಪ್ರಶ್ನೆಗೆ ಮಾತ್ರ ನಾನು ಗಂಭೀರವಾಗಿ ಉತ್ತರಿಸುತ್ತೇನೆ.

ಡಬ್ಬಿಯಲ್ಲಿ ಯಾರಾದರೂ ‘ಅಜೂನ್?’ ಎಂದರೆ ಈಗ ‘ಹೋ, ಅಜೂನ್’ ಎಂದು, ‘ನೀವು ಎಲ್ಲಿ ಇಳಿಯುತ್ತೀರಿ?’ ಎಂದು ಸೀಟಿನ ಮಾತಿಗೆ ಹೊರಳುತ್ತೇನೆ. ಮೊನ್ನೆ ಹಾಗೆ ಕೇಳಿದಾಗ ಠಾಣೆಯಲ್ಲಿ ಇಳಿಯಲು ಎದ್ದ ಹುಡುಗಿ ಕಿವಿಯ ಬಳಿ ಬಗ್ಗಿ ಹೇಳಿದಳು: ‘ನನ್ನವನಿಗೆ ಮೂರು ವರ್ಷ. ಇಲ್ಲಿ ಯಾರಿಗೂ ಹೇಳಿಲ್ಲ.’