ಎಣಿಕೆಯ ರಾತ್ರಿ ರೋಗಿಗೊಂದು ಆಸನ

ರೋಗವೆಂಬುದು ಶರೀರವನ್ನಷ್ಟೇ ಪೀಡಿಸುವುದಿಲ್ಲ. ಮನುಷ್ಯನನ್ನು ಮೆಲ್ಲಮೆಲ್ಲನೆ ಸಮಾಜದಿಂದಲೂ ಬೇರ್ಪಡಿಸುತ್ತದೆ. ಮೊದಲು ಜಾತ್ರೆ ತಪ್ಪುತ್ತದೆ, ಬಳಿಕ ಬಂಧುಗಳ ಮದುವೆ, ಆಮೇಲೆ ಮಠದ ಶಿವಾನುಭವ ಗೋಷ್ಠಿ. ಕೊನೆಗೆ ಊರಿನ ಸುದ್ದಿಯನ್ನು ಅವರಿಗೆ ತಿಳಿಸುವುದನ್ನೂ ಮನೆಯವರು ಬಿಟ್ಟುಬಿಡುತ್ತಾರೆ. “ಅವರಿಗೇಕೆ ಈ ಗದ್ದಲ?” ಎಂಬ ಮಾತು ಪ್ರೀತಿಯಿಂದಲೇ ಹುಟ್ಟಿದ್ದಿರಬಹುದು. ಆದರೆ ಒಳಕೋಣೆಯಲ್ಲಿ ಮಲಗಿ ಅದನ್ನು ಕೇಳಿಸಿಕೊಂಡವರಿಗೆ, ತಾವು ಊರಿನ ಲೆಕ್ಕದಿಂದಲೇ ಹೊರಗಾದೆವೆಂದು ಅನ್ನಿಸುವುದು ಸಹಜ.

ಗ್ರಾಮ ಪಂಚಾಯತಿಯ ಮತ ಎಣಿಕೆಯ ರಾತ್ರಿ ಈ ಪ್ರಶ್ನೆಯನ್ನು ಬಹಳ ಸ್ಪಷ್ಟವಾಗಿ ನಮ್ಮ ಮುಂದಿಡುತ್ತದೆ. ನಮ್ಮ ರಾಜ್ಯದಲ್ಲಿ 2020ರ ಡಿಸೆಂಬರ್ 22 ಮತ್ತು 27ರಂದು ಎರಡು ಹಂತಗಳಲ್ಲಿ ಮತದಾನ ನಡೆದು, 30ರಂದು ತಾಲ್ಲೂಕು ಕೇಂದ್ರಗಳಲ್ಲಿ ಎಣಿಕೆಯಾಯಿತು. ಬೀದರ ಜಿಲ್ಲೆಯಲ್ಲಿ ಮತಯಂತ್ರವಿದ್ದರೆ ಉಳಿದೆಡೆ ಮತಪತ್ರಗಳಿದ್ದವು. ಅವುಗಳನ್ನು ಬಿಡಿಸಿ, ಬೇರ್ಪಡಿಸಿ, ಎಣಿಸಿ ಮುಗಿಸುವಷ್ಟರಲ್ಲಿ ಹಲವೆಡೆ ರಾತ್ರಿ ಬಹಳವಾಯಿತು. ಈ ಚುನಾವಣೆಗೆ ಪಕ್ಷಗಳ ಚಿಹ್ನೆಯಿಲ್ಲ. ನಿಂತವರು ನೆರೆಮನೆಯವರು, ಹೊಲದ ಬದುವಿನ ಆಚೆಯವರು. ಮತಗಳು ಸಮವಾದರೆ ಚೀಟಿಯೆತ್ತಿ ನಿರ್ಣಯಿಸುವ ನಿಯಮವಿರುವುದರಿಂದ ಕೊನೆಯ ಗಳಿಗೆಯವರೆಗೂ ಕಾತರ ತಗ್ಗುವುದಿಲ್ಲ. ಆದ್ದರಿಂದಲೇ ಆ ರಾತ್ರಿ ಊರಿಗೆ ಊರೇ ಕಟ್ಟೆಯ ಮೇಲೆ ಕೂಡುತ್ತದೆ.

ನಾನು ಬಲ್ಲ ನಿವೃತ್ತ ಶಿಕ್ಷಕರೊಬ್ಬರು ಆ ವರ್ಷ ಮೂತ್ರಪಿಂಡದ ಕಾಯಿಲೆಯಿಂದ ಬಳಲುತ್ತಿದ್ದರು. ವಾರಕ್ಕೆರಡು ಬಾರಿ, ಒಮ್ಮೆಗೆ ನಾಲ್ಕು ತಾಸು ಡಯಾಲಿಸಿಸ್. ಎಣಿಕೆಯ ದಿನ ತಾವೂ ಕಟ್ಟೆಗೆ ಹೋಗುವುದಾಗಿ ಅವರು ಹೇಳಿದಾಗ ಮನೆಯಲ್ಲಿ ಆತಂಕವಾಯಿತು. ಚಳಿಗಾಲ, ಮೇಲಾಗಿ ಕೋವಿಡ್ ಭಯ. ಸೊಸೆ ಮಾತ್ರ ಬೇಡವೆನ್ನಲಿಲ್ಲ. ವೈದ್ಯರನ್ನು ಕೇಳಿದಳು. ಹಿಂದಿನ ದಿನವಷ್ಟೇ ಡಯಾಲಿಸಿಸ್ ಮುಗಿದಿದ್ದುದರಿಂದ, ಜನರಿಂದ ದೂರ ಕುಳಿತರೆ ಆದೀತೆಂದು ಅವರು ಒಪ್ಪಿದರು. ಸಂಜೆಯ ಲಿಂಗಪೂಜೆ ಮುಗಿಸಿ, ಶಾಲು ಹೊದ್ದು, ಮುಖಗವಸು ಧರಿಸಿ, ಗುರುಗಳು ಕಟ್ಟೆಯ ಗಾಳಿಯಾಡುವ ತುದಿಯಲ್ಲಿ ಕುರ್ಚಿ ಹಾಕಿಸಿಕೊಂಡರು. ಚಹಾ ಮೂರು ಬಾರಿ ಬಂತು. ಅವರು ಮನೆಯಿಂದ ತಂದಿದ್ದ ಪುಟ್ಟ ಲೋಟದಲ್ಲಿ ಒಮ್ಮೆ ಮಾತ್ರ ಸ್ವೀಕರಿಸಿದರು.

ಹತ್ತು ಗಂಟೆಯ ಸುಮಾರಿಗೆ ಫಲಿತಾಂಶ ತಿಳಿಯಿತು. ಗೆದ್ದವನನ್ನು ಎದುರುಗೊಳ್ಳಲು ಜನರೆಲ್ಲ ಗುಲಾಲು ಹಿಡಿದು ಊರ ಅಗಸೆಯತ್ತ ಓಡಿದರು. ಗುರುಗಳಿಗೆ ಓಡುವ ಶಕ್ತಿ ಎಲ್ಲಿಯದು? ಅವರು ಕುಳಿತಲ್ಲೇ ಉಳಿದರು. ಸ್ವಲ್ಪ ಹೊತ್ತಿಗೆ, ಒಂಬತ್ತು ಮತಗಳಿಂದ ಸೋತ ಅಭ್ಯರ್ಥಿ ಹಿಂದಿನ ಓಣಿಯಿಂದ ಒಬ್ಬನೇ ಬಂದ. ಅವನೂ ಅವರ ಶಿಷ್ಯನೇ. ಬರಿದಾದ ಕಟ್ಟೆಯಲ್ಲಿ ಅವನಿಗೆ ಸಿಕ್ಕವರು ಅವರೊಬ್ಬರೇ. “ಉಂಡೆಯಾ?” ಎಂದು ಕೇಳಿದರು. ಅವನು ಅವರ ಕಾಲ ಬಳಿ ಕುಳಿತು ಬಹಳ ಹೊತ್ತು ಅತ್ತನಂತೆ. ಮರುದಿನ ಅವನು ಗೆದ್ದವನ ಮನೆಗೆ ಹೋಗಿ ಅಭಿನಂದಿಸಿ ಬಂದದ್ದನ್ನು ಊರು ಕಂಡಿತು. ಗುರುಗಳು 2022ರಲ್ಲಿ ಲಿಂಗೈಕ್ಯರಾದರು.

ಓಡಬಲ್ಲವರೆಲ್ಲ ಗೆಲುವಿನ ಹಿಂದೆ ಓಡಿದಾಗ, ಓಡಲಾರದವರು ಸೋತವನಿಗೆ ಜೊತೆಯಾದರು. ರೋಗಿಯಿಂದ ಸಮಾಜಕ್ಕೆ ಸಲ್ಲುವುದೇನೂ ಇಲ್ಲವೆಂದು ತಿಳಿದವರು ಈ ಪ್ರಸಂಗವನ್ನು ಯೋಚಿಸಬೇಕು. ದಾಸೋಹವೆಂದರೆ ಅನ್ನ ನೀಡುವುದಷ್ಟೇ ಅಲ್ಲ. ಇರುವಷ್ಟರಲ್ಲಿ ತನ್ನನ್ನು ಸಲ್ಲಿಸಿಕೊಳ್ಳುವುದೂ ದಾಸೋಹವೇ. ಅಲ್ಲಮಪ್ರಭುಗಳು ಶೂನ್ಯಸಿಂಹಾಸನವನ್ನು ಅಲಂಕರಿಸಿದ್ದ ಅನುಭವ ಮಂಟಪದಲ್ಲಿ ಕುಲವಾಗಲಿ ಸಿರಿತನವಾಗಲಿ ಪ್ರವೇಶದ ಅರ್ಹತೆಯಾಗಿರಲಿಲ್ಲ. ಅಂಥ ಪರಂಪರೆಯ ನಾವು ದೇಹಬಲವನ್ನು ಅರ್ಹತೆಯಾಗಿಸುವುದು ಯುಕ್ತವೇ?

ಹಾಗೆಂದು ಎಚ್ಚರ ತಪ್ಪಬಾರದು. ಡಯಾಲಿಸಿಸ್ ಪಡೆಯುವವರಿಗೆ ನೀರಿನ ಮಿತಿಯಿದೆ. ಚಹಾ, ಮಜ್ಜಿಗೆಗಳೂ ಆ ಲೆಕ್ಕಕ್ಕೇ ಸೇರುತ್ತವೆ. ನಾವು ಉಪಚಾರವೆಂದು ನೀಡುವ ಎಳನೀರು, ಬಾಳೆಹಣ್ಣುಗಳಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಅವು ಅವರ ಹೃದಯಕ್ಕೇ ಅಪಾಯ ತರಬಹುದು. ಕ್ಯಾನ್ಸರಿಗೆ ಕೀಮೋಥೆರಪಿ ಪಡೆದವರಲ್ಲಿ ಸಾಮಾನ್ಯವಾಗಿ 7ರಿಂದ 14 ದಿನಗಳ ನಡುವೆ ಬಿಳಿ ರಕ್ತಕಣಗಳು ತೀರ ಕುಗ್ಗುತ್ತವೆ. ಆಗ ಜನಸಂದಣಿ ಸಲ್ಲದು, ಜ್ವರ ಕಂಡರೆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ಅಂಥ ದಿನಗಳಲ್ಲಿ ಮನೆಯ ಜಗಲಿಯಲ್ಲೇ ಇಬ್ಬರು ಗೆಳೆಯರನ್ನು ತುಸು ದೂರದಲ್ಲಿ ಕೂರಿಸಿ ಫೋನಿನಲ್ಲಿ ಸುದ್ದಿ ಕೇಳಿಸಬಹುದು. ಪಟಾಕಿಯ ಹೊಗೆ, ಗುಲಾಲಿನ ಧೂಳು ಎಲ್ಲ ರೋಗಿಗಳಿಗೂ ವರ್ಜ್ಯ. ಬೆನ್ನಿಗೆ ಆಸರೆಯಿರುವ ಕುರ್ಚಿ, ಹತ್ತಿರದಲ್ಲೇ ವಾಹನ, ಅವರು “ಸಾಕು” ಎಂದೊಡನೆ ಮಾತಿಲ್ಲದೆ ಎದ್ದು ಬರುವ ಸಂಗಾತಿ, ಇವಿಷ್ಟು ಇರಲಿ.

ನೆರೆಹೊರೆಯವರಿಗೂ ಒಂದು ಮಾತು. ಕಟ್ಟೆಗೆ ಬಂದ ರೋಗಿಯ ಬಳಿ ರೋಗದ ವಿಚಾರವನ್ನೇ ಕೆದಕಬೇಡಿ. ಯಾವ ವಾರ್ಡಿನಲ್ಲಿ ಯಾರು ಮುಂದಿದ್ದಾರೆಂದು ಹೇಳಿ. ಅದನ್ನು ಕೇಳಲೆಂದೇ ಅವರು ಬಂದಿರುತ್ತಾರೆ. ಅಭ್ಯರ್ಥಿಗಳು ಅವರ ಪಾದ ಮುಟ್ಟಿ ಛಾಯಾಚಿತ್ರ ತೆಗೆಸಿಕೊಳ್ಳುವ ಪ್ರದರ್ಶನಕ್ಕೆ ಇಳಿಯದಿರಲಿ. ಹೋಗಬೇಕೋ ಬೇಡವೋ ಎಂಬ ತೀರ್ಮಾನ ವೈದ್ಯರ ಸಲಹೆಯೊಡನೆ ರೋಗಿಯದೇ ಆಗಿರಲಿ. ಮುಂದಿನ ಎಣಿಕೆಯ ರಾತ್ರಿ ನಿಮ್ಮ ಮನೆಯ ಒಳಕೋಣೆಯಲ್ಲಿ ಯಾರಾದರೂ ಮಲಗಿದ್ದರೆ, ಕಟ್ಟೆಗೆ ಹೊರಡುವ ಮುನ್ನ ಅವರನ್ನೊಮ್ಮೆ ಕೇಳಿ: “ನೀವೂ ಬರುವಿರಾ?”